ಕೆರೆ ನೋಟದ ಸಾಹೇಬರು

ಕೆರೆಯ ಪಕ್ಕದ ಬಡಾವಣೆಗೆ ನಾವು ಮನೆ ಕಟ್ಟಿಸಿಕೊಂಡು ಹೋದ ವರ್ಷ ಅಲ್ಲಿ ಇದ್ದದ್ದು ಒಟ್ಟು ಹನ್ನೊಂದು ಮನೆ. ಬಡಾವಣೆ ಎಂಬುದು ನಕ್ಷೆಯಲ್ಲಿತ್ತು. ನೆಲದ ಮೇಲೆ ಇದ್ದದ್ದು ಮೂಲೆಗೊಂದು ಕಲ್ಲು ನೆಟ್ಟ ಖಾಲಿ ನಿವೇಶನಗಳು, ಅವುಗಳ ತುಂಬ ಮೊಣಕಾಲೆತ್ತರದ ಹುಲ್ಲು, ಆ ಹುಲ್ಲು ಮೇಯಲು ಬರುವ ಎಮ್ಮೆಗಳು. ಪೇಟೆಯ ಬಸ್ಸು ನಮ್ಮನ್ನು ಮುಖ್ಯರಸ್ತೆಯಲ್ಲೇ ಇಳಿಸಿ, ಒಳಗೆ ಬರಲು ತನಗೆ ಮನಸ್ಸಿಲ್ಲವೆಂಬಂತೆ ತಿರುಗಿಕೊಂಡು ಹೋಗುತ್ತಿತ್ತು. ಬೀದಿದೀಪ ನಾಲ್ಕಿದ್ದವು, ಅದರಲ್ಲಿ ಒಂದು ಹಗಲು ಹೊತ್ತಿನಲ್ಲಿ ಮಾತ್ರ ಉರಿಯುತ್ತಿತ್ತು. ಬೆಳಗಾದರೆ ಒಂದು ಕಿವಿಗೆ ಪಕ್ಕದ ಮನೆಯ ರೇಡಿಯೋ, ಇನ್ನೊಂದು ಕಿವಿಗೆ ಬಾತುಕೋಳಿಗಳ ಜಗಳ. ನಾವು ಪೇಟೆಯವರೋ ಹಳ್ಳಿಯವರೋ ಎಂದು ಆಗ ಯಾರೂ ತೀರ್ಮಾನ ಮಾಡಿರಲಿಲ್ಲ. ಈಗ ನೆನೆಸಿಕೊಂಡರೆ, ಆ ತೀರ್ಮಾನವಾಗದ ನಾಲ್ಕೈದು ವರ್ಷವೇ ನಾವೆಲ್ಲ ಚೆನ್ನಾಗಿದ್ದ ಕಾಲ ಅನ್ನಿಸುತ್ತದೆ.

ನಾನು ಆಗ ಹೈಸ್ಕೂಲಿನ ಹುಡುಗಿ. ಅಪ್ಪ ಆ ವರ್ಷವೇ ನಿವೃತ್ತರಾಗಿದ್ದರು. ದೊಡ್ಡದೊಂದು ಕಚೇರಿಯ ರವಾನೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೂತು, ಬೇರೆಯವರು ಬರೆದ ಪತ್ರಗಳನ್ನು ಲಕೋಟೆಗೆ ಹಾಕಿ, ಅಂಟಿಸಿ, ಕಳಿಸಿದವರು ಅವರು. ಅವರ ಮೇಜು ಮೆಟ್ಟಿಲ ಕೆಳಗಿತ್ತು. ಪೇಟೆಯಲ್ಲಿ ವಿಮೆ ಏಜೆಂಟನಾಗಿದ್ದ ನನ್ನ ಸೋದರಮಾವ ಅವರಿಗೆ 'ಅಂಟು ಭಾವ' ಎಂದು ಹೆಸರಿಟ್ಟಿದ್ದ. ನೆಂಟರೆಲ್ಲ ಅದನ್ನೇ ರೂಢಿ ಮಾಡಿಕೊಂಡಿದ್ದರು. ಅಪ್ಪ ಕೂಡ ಆ ಹೆಸರಿಗೆ ಓಗೊಡುತ್ತಿದ್ದರು.

ಇಂಥ ಮನುಷ್ಯನಿಗೆ ಬಾಳಿನಲ್ಲಿ ಒಂದೇ ಒಂದು ಆಡಂಬರದ ಆಸೆ ಹುಟ್ಟಿತು. ಮನೆಗೆ 'ಕೆರೆ ನೋಟ' ಎಂದು ಹೆಸರಿಡಬೇಕು, ಗೇಟಿನ ಮೇಲೆ ಬೋರ್ಡು ಹಾಕಿಸಬೇಕು.

"ಎಲ್ಲಿದೆ ರೀ ನೋಟ?" ಎಂದಳು ಅಮ್ಮ. "ನಮ್ಮ ಕಿಟಕಿ ತೆಗೆದ್ರೆ ಎದುರು ಮನೆಯವರ ನೀರಿನ ಟ್ಯಾಂಕು ಕಾಣುತ್ತೆ."

"ಬಚ್ಚಲಲ್ಲಿ ಬಕೆಟ್ ಬೋರಲು ಹಾಕಿ ನಿಂತು, ಕತ್ತು ಸ್ವಲ್ಪ ಬಲಕ್ಕೆ ತಿರುಗಿಸಿದ್ರೆ ಕೆರೆ ಕಾಣುತ್ತೆ ಕಣೇ. ದಿನಾ ನೋಡ್ತೀನಿ."

"ಬಂದೋರನ್ನೆಲ್ಲ ಬಚ್ಚಲಿಗೆ ಕರ್ಕೊಂಡು ಹೋಗಿ ಬಕೆಟ್ ಮೇಲೆ ನಿಲ್ಲಿಸ್ತೀರಾ?"

ಅಪ್ಪ ಮರುದಿನವೇ ಪೇಂಟರನ್ನು ಕರೆಸಿದರು.

ಪೇಂಟರು ಒಳ್ಳೆಯ ಕೆಲಸಗಾರ. ಆ ತಿಂಗಳು ಅವನು ಪಶು ಆಸ್ಪತ್ರೆ, ಅಂಚೆ ಕಚೇರಿ ಮತ್ತು ಪೊಲೀಸ್ ಠಾಣೆಯ ಬೋರ್ಡುಗಳನ್ನು ಬರೆದು ಮುಗಿಸಿದ್ದ. ಕೈ ಅದೇ ಅಕ್ಷರಕ್ಕೆ ಹೊಂದಿಕೊಂಡಿತ್ತು. ಬಣ್ಣವೂ ಅದೇ ಉಳಿದಿತ್ತು. ಹೀಗಾಗಿ ನಮ್ಮ ಬೋರ್ಡು ಕಡುನೀಲಿಯ ಮೇಲೆ ಬಿಳಿಯ ದಪ್ಪ ಅಕ್ಷರ, ಸುತ್ತ ಹಳದಿ ಗೆರೆ ಹೊತ್ತು ಬಂತು. ಕೆಳಗೆ ಒಂದು ಬಾಣ ಬೇರೆ. ಬಾಣ ನೇರವಾಗಿ ನಮ್ಮ ಬಾಗಿಲನ್ನು ತೋರಿಸುತ್ತಿತ್ತು.

"ಬಾಣ ಯಾಕಪ್ಪಾ?" ಎಂದು ಅಪ್ಪ ಕೇಳಿದರು.

"ಬಾಣ ಇಲ್ದಿದ್ರೆ ಬೋರ್ಡು ಬೋಳು ಬೋಳಾಗಿ ಕಾಣುತ್ತೆ ಸಾರ್. ಅದಕ್ಕೇನೂ ತಗೊಳ್ಳಲ್ಲ, ನನ್ನ ಕಡೆಯಿಂದ ಇರ್ಲಿ."

ಮೂರನೆಯ ದಿನ ಬೆಳಿಗ್ಗೆ ಲಾಂಡ್ರಿಯವನು ಬಂದು ಅಂಗಳದಲ್ಲಿ ಕೈಕಟ್ಟಿ ನಿಂತ. ಬಡಾವಣೆಯ ಬಟ್ಟೆಯನ್ನೆಲ್ಲ ಕೆರೆಯಲ್ಲಿ ಒಗೆದು, ಮುಖ್ಯರಸ್ತೆಯ ಅಂಗಡಿಯಲ್ಲಿ ಇಸ್ತ್ರಿ ಮಾಡಿ ಕೊಡುತ್ತಿದ್ದವನು.

"ನಮಸ್ಕಾರ ಸಾರ್. ಕೆರೆ ನೋಡ್ಕೊಳ್ಳೋರು ನೀವೇ ಅಲ್ವಾ?"

ಅಪ್ಪ ಆಗಷ್ಟೇ ಬಕೆಟ್ಟಿನಿಂದ ಇಳಿದು ಬಂದಿದ್ದರು. ಬೋರ್ಡು ಓದಿದ ಮೊದಲ ಮನುಷ್ಯ ಸಿಕ್ಕಿದನಲ್ಲ ಎಂದು ಹಿಗ್ಗಿ, "ಹೌದಪ್ಪ, ದಿನಾ ನೋಡ್ತೀನಿ," ಎಂದುಬಿಟ್ಟರು.

"ಹಾಗಾದ್ರೆ ನಿಮಗೆ ಗೊತ್ತಿರುತ್ತೆ. ಆ ಎಮ್ಮೆಗಳಿಂದ ನನ್ನ ಬಾಳೇ ಹಾಳಾಗ್ತಿದೆ ಸಾರ್. ಬಿಳಿ ಶರ್ಟು ಮುಳುಗಿಸಿದ್ರೆ ಮಣ್ಣಿನ ಬಣ್ಣದ್ದು ಮೇಲೆ ಬರುತ್ತೆ. ಗಿರಾಕಿಗಳು ಇದು ನಮ್ಮ ಶರ್ಟೇ ಅಲ್ಲ ಅಂತಾರೆ. ನೀವೇ ಏನಾದ್ರೂ ಮಾಡ್ಬೇಕು."

ಅಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥವಾಗದಾಗ ಹೇಳುವುದನ್ನೇ ಹೇಳಿದರು: "ನೋಡೋಣ."

ಲೋಕದಲ್ಲಿ 'ನೋಡೋಣ' ಎನ್ನುವವರು ಎರಡೇ ಬಗೆ. ಏನು ಹೇಳಬೇಕೆಂದು ತೋಚದವರು ಒಂದು, ಅಧಿಕಾರಿಗಳು ಇನ್ನೊಂದು. ಲಾಂಡ್ರಿಯವನಿಗೆ ಇದ್ದ ಅಲ್ಪಸ್ವಲ್ಪ ಅನುಮಾನವೂ ಪರಿಹಾರವಾಗಿ, ಸಾಹೇಬರ ದರ್ಶನ ಇಷ್ಟು ಸಲೀಸಾಗಿ ಆದದ್ದಕ್ಕೆ ಬೆರಗಾಗುತ್ತ ಹೋದ.

ಮಧ್ಯಾಹ್ನದ ಹೊತ್ತಿಗೆ ಎಮ್ಮೆ ಅಜ್ಜಿ ಬಂದಳು. ಕೆರೆಯ ಏರಿಯ ಕೆಳಗೆ ಮನೆ, ಹಿತ್ತಿಲಲ್ಲಿ ಆರು ಎಮ್ಮೆ, ಹನ್ನೊಂದೂ ಮನೆಗೆ ಅವಳದೇ ಹಾಲು.

"ಸಾಹೇಬ್ರೇ, ಆ ಲಾಂಡ್ರಿಯವನು ನನ್ನ ಮೇಲೆ ದೂರು ಕೊಟ್ಟನಂತೆ. ನನ್ನದೂ ಬರ್ಕೊಳ್ಳಿ. ಅವನ ಸೋಪಿನ ನೀರು ಕುಡಿದು ನಮ್ಮ ಎಮ್ಮೆ ಬಾಯಲ್ಲಿ ನೊರೆ. ಹಾಲು ಕರೆದ್ರೆ ಅದ್ರಲ್ಲೂ ನೊರೆ."

"ಹಾಲಲ್ಲಿ ನೊರೆ ಬರೋದು ಸಹಜ ಅಲ್ವಾ ಅಜ್ಜಿ?"

"ಇದು ಸೋಪಿನ ನೊರೆ. ಘಮಘಮ ಅನ್ನುತ್ತೆ. ನಾಳೆ ಬೆಳಿಗ್ಗೆ ಮೂಸಿ ನೋಡಿ."

ಮರುದಿನ ನಾವು ಮೂವರೂ ಹಾಲಿನ ಪಾತ್ರೆಗೆ ಮೂಗಿಟ್ಟು ನಿಂತೆವು. ಅಮ್ಮನಿಗೆ ಮಲ್ಲಿಗೆ ಅನ್ನಿಸಿತು, ನನಗೆ ನಿಂಬೆ. ಅಪ್ಪ ಮಾತ್ರ ಗಂಭೀರರಾಗಿ, "ಒಂದು ವ್ಯವಸ್ಥೆ ಮಾಡ್ಲೇಬೇಕು," ಎಂದರು. ಸಂಜೆ ಇಬ್ಬರನ್ನೂ ಕರೆಸಿ, ಬೆಳಿಗ್ಗೆ ಎಂಟು ಗಂಟೆಯ ತನಕ ಬಟ್ಟೆ, ಅದೂ ನೀರು ಹೊರಗೆ ಹರಿಯುವ ತೂಬಿನ ಕಡೆ; ಎಂಟರ ಮೇಲೆ ಎಮ್ಮೆ, ಇನ್ನೊಂದು ಕಡೆ ಎಂದರು. ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ಹೆದರಿ ಒಳಗೆ ಬಂದು ಕೂತರು.

ಆದರೆ ಮರುದಿನ ಎಂಟು ಹೊಡೆಯುತ್ತಿದ್ದಂತೆ ಲಾಂಡ್ರಿಯವನು ಗಂಟು ಕಟ್ಟಿದ; ಎಂಟೂ ಐದಕ್ಕೆ ಆರು ಎಮ್ಮೆಗಳು ಸಾಲಾಗಿ ಏರಿ ಹತ್ತಿ ಇಳಿದವು. ಅಪ್ಪ ಇದನ್ನು ಬಚ್ಚಲ ಕಿಟಕಿಯಿಂದ ನೋಡಿ ಓಡಿ ಬಂದರು.

"ನಮ್ಮನೇಲಿ ದೀಪ ಆರಿಸಿ ಅಂದ್ರೆ ಯಾರೂ ಕೇಳಲ್ಲ ಕಣೇ, ಎಮ್ಮೆ ಕೇಳ್ತಿವೆ!"

ಅಪ್ಪ ಮೋಸಗಾರರಲ್ಲ. ಆ ವಾರವೇ ಲಾಂಡ್ರಿಯವನಿಗೆ ನಿಜ ಹೇಳಲು ಹೊರಟರು. "ನೋಡಪ್ಪಾ, ನೀನು ಅಂದ್ಕೊಂಡಿರೋ ಅಂಥ ಸಾಹೇಬ ನಾನಲ್ಲ."

"ಗೊತ್ತು ಸಾರ್," ಎಂದ ಅವನು, ಕಣ್ಣು ತುಂಬಿಕೊಂಡು. "ನೀವು ಅಂಥ ಸಾಹೇಬರಲ್ಲ. ಅಂಥವರು ನಮ್ಮನ್ನ ಮನೆ ಹತ್ರ ಬಿಟ್ಕೊಳ್ತಿದ್ರಾ?"

ಇದಾದ ಮೇಲೆ ನಿಜ ಹೇಳುವ ದಾರಿ ಮುಚ್ಚಿತು. ಬಾತುಕೋಳಿ ಮೊಟ್ಟೆ ಯಾರಿಗೆ ಸೇರಬೇಕು, ಗಾಳ ಹಾಕುವವರು ಯಾವ ಕಲ್ಲಿನ ಮೇಲೆ ಕೂರಬೇಕು, ಏರಿಯ ಮೇಲೆ ಸೈಕಲ್ ಕಲಿಯುವವರು ನೀರಿಗೆ ಬಿದ್ದರೆ ಹೊಣೆ ಯಾರು, ಎಲ್ಲಕ್ಕೂ ಜನ ನಮ್ಮ ಬಾಣ ಹಿಡಿದು ಬರತೊಡಗಿದರು. ಅಪ್ಪ ಒಂದು ಹಳೆಯ ನೋಟ್‌ಬುಕ್ಕಿಗೆ ಗೆರೆ ಹೊಡೆದು ಎಲ್ಲರ ಅಹವಾಲನ್ನೂ ಬರೆದುಕೊಂಡರು. ಬರೆದುಕೊಂಡರೆ ಸಾಕು, ಅರ್ಧಕ್ಕರ್ಧ ಜನ ಕೆಲಸವಾಯಿತೆಂದೇ ತಿಳಿದು ಸಂತೋಷದಿಂದ ಮನೆಗೆ ಹೋಗುತ್ತಿದ್ದರು.

ಒಂದು ಭಾನುವಾರ ಸೋದರಮಾವ ಬಂದ. ನಮ್ಮ ಜಗಲಿಯಲ್ಲಿ ಏಳು ಜನ ಕಾದು ನಿಂತಿದ್ದರು. ಅವನು ನೇರ ಒಳಗೆ ನುಗ್ಗಲು ಹೋದಾಗ ಲಾಂಡ್ರಿಯವನು ಅಡ್ಡ ಕೈ ಹಾಕಿದ.

"ಸಾಹೇಬರನ್ನ ನೋಡ್ಬೇಕಾ? ಸರದಿಯಲ್ಲಿ ನಿಂತ್ಕೊಳ್ಳಿ."

"ಯಾವ ಸಾಹೇಬರು? ಇದು ನಮ್ಮ ಅಕ್ಕನ ಮನೆ!"

"ಇಲ್ಲಿ ನೆಂಟಸ್ತಿಕೆ ನಡಿಯಲ್ಲ. ನಮ್ಮ ಸಾಹೇಬ್ರು ಕಟ್ಟುನಿಟ್ಟು."

ಮಾವ ಅರ್ಧ ಗಂಟೆ ನಿಂತ. ಒಳಗೆ ಅಮ್ಮ ಕಿಟಕಿಯ ಪರದೆ ಸರಿಸಿ ಅವನನ್ನು ಕಣ್ತುಂಬ ನೋಡಿದಳು, ಕರೆಯಲಿಲ್ಲ. ಕೊನೆಗೆ ಅವನ ಸರದಿ ಬಂದಾಗ ಅಪ್ಪ ತಲೆ ಎತ್ತದೆ, "ನಿಮ್ಮದೇನು?" ಎಂದರು. ಮಾವನ ಬಾಯಿಂದ "ಏನಿಲ್ಲ ಸಾರ್..." ಎಂದು ಹೊರಟಿತು. ಸಂಜೆಯ ಹೊತ್ತಿಗೆ ನೆಂಟರ ಪಾಳ್ಯದಲ್ಲೆಲ್ಲ ಸುದ್ದಿ: ಭಾವನನ್ನು ನಿವೃತ್ತಿಯಾದ ಮೇಲೂ ಬಿಡದೆ ಕರೆದು ಒಂದು ಕೆರೆ ಕೊಟ್ಟಿದ್ದಾರಂತೆ.

"ನೀನಾದ್ರೂ ನಿಜ ಹೇಳ್ಬಾರ್ದಿತ್ತಾ?" ಎಂದು ಅಪ್ಪ ಗೋಳಾಡಿದರು.

"ಇಪ್ಪತ್ತೈದು ವರ್ಷ ಅಂಟು ಭಾವನ ಹೆಂಡತಿ ಅನ್ನಿಸ್ಕೊಂಡಿದ್ದೀನಿ," ಎಂದಳು ಅಮ್ಮ. "ನಾಲ್ಕು ದಿನ ಸುಮ್ನಿದ್ರೆ ನಿಮಗೇನು ಕಷ್ಟ?"

ಕಷ್ಟ ಬಂದದ್ದು ಕಳೆಯಿಂದ. ಕೆರೆಯ ಅರ್ಧ ಭಾಗಕ್ಕೆ ಅಂತರಗಂಗೆ ಹಬ್ಬಿತ್ತು. ನೀರಿನ ಮೇಲೆ ತೇಲುವ ಈ ಕಳೆ ದೂರದಿಂದ ನೋಡಿದವರಿಗೆ ಒಳ್ಳೆಯ ಹಸಿರು ಮೈದಾನದ ಹಾಗೆ ಕಾಣುತ್ತಿತ್ತು. ಅಜ್ಜಿಯ ದೊಡ್ಡ ಎಮ್ಮೆ ಒಂದು ದಿನ ಅದರೊಳಗೆ ನುಗ್ಗಿ, ಕೆಸರಿಗೆ ಕಾಲು ಸಿಕ್ಕಿ, ಕೊಂಬು ಮಾತ್ರ ಮೇಲೆ ಬಿಟ್ಟು ಕೂಗಿಕೊಂಡಿತು. ಹನ್ನೊಂದೂ ಮನೆಯವರು ಹಗ್ಗ ಹಿಡಿದು ಎಳೆದೆವು. ಅಪ್ಪ ಏರಿಯ ಮೇಲೆ ನಿಂತು, "ಎಳೀರಿ! ಬಿಡಬೇಡಿ! ಸ್ವಲ್ಪ ಬಿಡಿ!" ಎಂದು ಒಂದಕ್ಕೊಂದು ತಾಳೆಯಾಗದ ಅಪ್ಪಣೆ ಕೊಟ್ಟರು. ಎಮ್ಮೆ ಬಂತು. ಅಜ್ಜಿ ಅದರ ಕತ್ತು ತಬ್ಬಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಅಪ್ಪನ ಕಡೆ ತಿರುಗಿದಳು.

"ಇವತ್ತು ಎಮ್ಮೆ. ನಾಳೆ ಯಾರದ್ದೋ ಮಗು ಮೈದಾನ ಅಂದ್ಕೊಂಡು ಇಳಿಯುತ್ತೆ. ಈ ಕಳೆ ತೆಗಿಸಿ ಸಾಹೇಬ್ರೇ."

ಆ ದಿನ ಅಪ್ಪ 'ನೋಡೋಣ' ಎನ್ನಲಿಲ್ಲ. ಮನೆಗೆ ಬಂದು ಕಾಗದ ತೆಗೆದು ನೀರಾವರಿ ಕಚೇರಿಗೆ ಪತ್ರ ಬರೆದರು. ಮೂವತ್ತನಾಲ್ಕು ವರ್ಷ ಸಾವಿರಾರು ಪತ್ರ ರವಾನಿಸಿದವರಿಗೆ ಪತ್ರವೆಂದರೆ ಒಂದೇ ರೂಪ ಗೊತ್ತು. ಬಲಗಡೆ ಮೇಲೆ 'ಕೆರೆ ನೋಟ' ಎಂದು ವಿಳಾಸ, ಎಡಗಡೆ 'ಸಂಖ್ಯೆ: ಕೆ.ನೋ. 1', ನಡುವೆ 'ವಿಷಯ', ಕೆಳಗೆ 'ಒಂದು ವಾರದೊಳಗೆ ಕ್ರಮ ಕೈಗೊಂಡು ವರದಿ ಸಲ್ಲಿಸತಕ್ಕದ್ದು'. ಈ ಕೊನೆಯ ಸಾಲು ಕೈ ತಾನಾಗಿ ಬರೆದದ್ದು. ತಮಗೆ ಗೊತ್ತೇ ಆಗಲಿಲ್ಲವೆಂದು ಅಪ್ಪ ಆಮೇಲೆ ಆಣೆ ಮಾಡಿ ಹೇಳಿದರು.

ಪತ್ರ ತಲುಪಿದ ಕಚೇರಿಯಲ್ಲಿ 'ಕೆರೆ ನೋಟ' ಎಂಬ ಕಚೇರಿ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ತಮಗೆ ಗೊತ್ತಿಲ್ಲದ ಕಚೇರಿ ತಮಗಿಂತ ಮೇಲಿನದೇ ಇರಬೇಕೆಂದು ಎಲ್ಲರೂ ಸೇರಿ ನಿರ್ಧರಿಸಿದರು. ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಜೀಪು ನಿಂತಿತು.

ಅಪ್ಪ ಅದನ್ನು ನೋಡಿ ಬಿಳಿಚಿಕೊಂಡರು. "ಮುಗೀತು ಕಣೇ. ನನ್ನನ್ನ ಹಿಡ್ಕೊಂಡು ಹೋಗೋಕೆ ಬಂದ್ರು."

"ಹಿಡಿಯೋಕೆ ಬಂದೋರು ಗೇಟಲ್ಲಿ ನಿಂತು ತಲೆ ಬಾಚ್ಕೊಳ್ತಾರಾ?" ಎಂದಳು ಅಮ್ಮ. "ನೋಡಿ, ನಿಮಗಿಂತ ಅವರೇ ಜಾಸ್ತಿ ಹೆದರಿದ್ದಾರೆ."

ಒಳಗೆ ಬಂದವರು ಇಂಜಿನಿಯರ್ ಸಾಹೇಬರು, ವಯಸ್ಸು ಮೂವತ್ತರ ಆಸುಪಾಸು, ಕಂಕುಳಲ್ಲಿ ಫೈಲು. ಹಾಲು ಹಾಕಲು ಬಂದಿದ್ದ ಅಜ್ಜಿ ಮೆಟ್ಟಿಲ ಮೇಲೇ ಕೂತಳು.

"ಸಾರ್, ತಪ್ಪಾಗಿದೆ," ಎಂದರು ಇಂಜಿನಿಯರು, ನಿಂತಲ್ಲೇ.

"ಅಯ್ಯೋ, ತಪ್ಪು ನನ್ನದು ಸಾರ್," ಎಂದರು ಅಪ್ಪ, ಕೈ ಮುಗಿದು.

"ಇಲ್ಲ ಸಾರ್. ಮೂರು ವರ್ಷದಿಂದ ನಾನು ಈ ಕಡೆ ತಲೆ ಹಾಕಿಲ್ಲ."

"ನೀವು ಹಾಕದೇ ಇದ್ರೂ ನಡೀತಿತ್ತು ಸಾರ್. ನಾನು ಹಾಕಿದ್ದೇ ತಪ್ಪು."

ಇಂಜಿನಿಯರು ಇದನ್ನು ಮೇಲಧಿಕಾರಿಯ ಕುಹಕವೆಂದು ತಿಳಿದು ಬೆವೆತುಹೋದರು. "ಎಲ್ಲಾ ನಿಮಗೆ ಗೊತ್ತಾಗಿದೆ ಅಂತ ನನಗೂ ಗೊತ್ತಾಯ್ತು ಸಾರ್. ಮುಚ್ಚಿಡಲ್ಲ. ಆ ವರದಿ ನಾನು ನೋಡದೇ ಬರೆದದ್ದು."

"ಯಾವ ವರದಿ?"

"ಕೆರೆ ಒಣಗಿದೆ ಅನ್ನೋ ವರದಿ ಸಾರ್. ಅದರ ಮೇಲೇನೇ ಬಸ್ ಡಿಪೋಗೆ ಜಾಗ ಕೊಟ್ಟಿರೋದು. ಮುಂದಿನ ತಿಂಗಳು ಮಣ್ಣು ತುಂಬೋಕೆ ಲಾರಿಗಳು ಬರ್ತವೆ."

ಹೊರಗೆ ಬಾತುಕೋಳಿಗಳು ಜಗಳವಾಡುತ್ತಿದ್ದವು. ಅಜ್ಜಿ ಹಾಲಿನ ಕ್ಯಾನನ್ನು ಕೆಳಗಿಟ್ಟಳು.

"ಒಣಗಿದ್ಯಾ? ಹಾಗಾದ್ರೆ ಮೊನ್ನೆ ನಮ್ಮ ಎಮ್ಮೆ ಮುಳುಗಿದ್ದು ಎಲ್ಲಿ, ನಿಮ್ಮ ಫೈಲಲ್ಲಾ?"

ಅಪ್ಪ ಆ ಹೊತ್ತಿನಲ್ಲಿ ಸುಮ್ಮನೆ ಹುಬ್ಬು ಗಂಟಿಕ್ಕಿದ್ದರೂ ಸಾಕಿತ್ತು, ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ತಪ್ಪೊಪ್ಪಿಕೊಂಡು ನಿಂತವನ ಮುಂದೆ ಸುಳ್ಳು ಹೊತ್ತು ಕೂರುವುದು ಅವರಿಂದಾಗಲಿಲ್ಲ. "ಸಾರ್, ಕೆರೆ ನೋಟ ಅನ್ನೋದು ಮನೆ ಹೆಸರು. ನಾನು ರವಾನೆ ಗುಮಾಸ್ತ. ಅದೂ ರಿಟೈರಾಗಿದ್ದೀನಿ," ಎಂದುಬಿಟ್ಟರು.

ಇಂಜಿನಿಯರು ನಮ್ಮ ಕಣ್ಣ ಮುಂದೆಯೇ ಎರಡು ಅಂಗುಲ ಬೆಳೆದರು. ಬೆವರು ಆರಿತು, ದನಿ ದಪ್ಪವಾಯಿತು.

"ಏನು? ಮನೆ ಹೆಸರಾ? ಮನೆ ಹೆಸರಿಂದ ನನಗೆ ಆರ್ಡರ್ ಕಳಿಸ್ತೀರಾ? ಮೊದಲು ಆ ಬೋರ್ಡ್ ಇಳಿಸಿ! ನಿಮ್ಮ ಮೇಲೆ ಕೇಸು ಹಾಕಿಸ್ತೀನಿ!"

"ಬೋರ್ಡ್ ಇಳಿಸ್ತೀನಿ. ಕೇಸೂ ಹಾಕ್ಸಿ," ಎಂದರು ಅಪ್ಪ. "ಆದ್ರೆ ಬಂದಿದ್ದೀರಲ್ಲ, ಒಂದ್ಸಲ ಕೆರೆ ನೋಡ್ಕೊಂಡು ಹೋಗಿ ಸಾರ್."

ನೋಡುತ್ತೇನೆ, ನನಗೇನು ಹೆದರಿಕೆಯೇ ಎಂದು ಇಂಜಿನಿಯರು ದಡದಡ ನಡೆದರು. ಹಿಂದೆ ಅಪ್ಪ, ಅಮ್ಮ, ನಾನು, ಅಜ್ಜಿ, ದಾರಿಯಲ್ಲಿ ಸೇರಿಕೊಂಡ ಇಡೀ ಬಡಾವಣೆ. ಏರಿ ಹತ್ತಿ ನಿಂತ ಇಂಜಿನಿಯರಿಗೆ ಎದುರಿಗೆ ಕಂಡದ್ದು ಅಂತರಗಂಗೆ, ದಡದಿಂದ ದೂರದ ತನಕ ಹಚ್ಚಹಸಿರು; ನೀರು ಕಾಣುವ ಅರ್ಧ ಏರಿಯ ತಿರುವಿನಾಚೆ ಮರೆಯಾಗಿತ್ತು. ಅವರ ಮುಖ ಅರಳಿತು.

"ಎಲ್ರೀ ಕೆರೆ? ಇದು ಹುಲ್ಲುಗಾವಲು! ನಾನು ಬರೆದದ್ದು ಸರಿಯಾಗೇ ಇದೆ!"

"ಸಾರ್, ಕಾಲಿಡಬೇಡಿ..." ಎಂದರು ಅಪ್ಪ.

"ನನಗೆ ಬುದ್ಧಿ ಹೇಳ್ಬೇಡಿ!" ಎನ್ನುತ್ತ ಅವರು ತಮ್ಮ ವರದಿಯ ಮೇಲೆ ಪೂರ್ತಿ ನಂಬಿಕೆಯಿಟ್ಟು, ಹೊಳೆಯುವ ಬೂಟಿನ ಬಲಗಾಲನ್ನು ಹುಲ್ಲುಗಾವಲಿನ ಮೇಲಿಟ್ಟರು.

ಹುಲ್ಲುಗಾವಲು ಬಾಯಿ ತೆರೆದು ಅವರನ್ನು ಎದೆಮಟ್ಟ ನುಂಗಿತು. ಫೈಲು ಸ್ವಲ್ಪ ಹೊತ್ತು ತೇಲಿ, ಆಮೇಲೆ ತಾನೂ ಹೋಯಿತು. ಎಮ್ಮೆಯನ್ನು ಎಳೆದ ಹಗ್ಗವೇ ಬಂತು.

"ಒಂದ್ನಿಮಿಷ," ಎಂದ ಲಾಂಡ್ರಿಯವನು, ಹಗ್ಗ ಹಿಡಿದುಕೊಂಡೇ. "ಎಂಟು ಗಂಟೆ ಆಗಿಹೋಗಿದೆ ಸಾಹೇಬ್ರೇ. ಇದು ಎಮ್ಮೆಗಳ ಸಮಯ."

"ಎಳೀರೋ ಮೊದಲು!" ಎಂದು ಅಪ್ಪ ಗದರಿದರು. ಈ ಸಲ ಅಪ್ಪಣೆ ಸ್ಪಷ್ಟವಾಗಿತ್ತು.

ಒಂದು ಗಂಟೆಯ ಮೇಲೆ ಇಂಜಿನಿಯರು ನಮ್ಮ ನಡುಮನೆಯಲ್ಲಿ, ಅಪ್ಪನ ಹಳೆಯ ಪೈಜಾಮ ತೊಟ್ಟು, ಅಮ್ಮ ಕೊಟ್ಟ ಎರಡನೆಯ ಲೋಟ ಟೀ ಹಿಡಿದು ಕೂತಿದ್ದರು. ಅವರ ಬಟ್ಟೆಯನ್ನು ಲಾಂಡ್ರಿಯವನು ಒಗೆದು ಇಸ್ತ್ರಿ ಮಾಡಲು ಒಯ್ದಿದ್ದ. ಕಿವಿಯ ಹಿಂದೆ ಕಳೆಯ ಎಲೆಯೊಂದು ಇನ್ನೂ ಅಂಟಿಕೊಂಡಿತ್ತು. ಅಮ್ಮ ತಾಯಿಯ ಹಾಗೆ ಅದನ್ನು ತೆಗೆದಳು.

"ಈಗ ಒಣಗಿದೆ ಅಂತ ಬರೆಯೋಕೆ ನನ್ನ ಕೈಯಲ್ಲಿ ಆಗಲ್ಲ," ಎಂದರು ಅವರು, ಲೋಟ ಕೆಳಗಿಟ್ಟು. "ಇನ್ನೊಂದು ವರದಿ ಕಳಿಸ್ತೀನಿ. ಬೈಸ್ಕೊಳ್ತೀನಿ, ಬಿಡಿ. ಕಾಗದ ಇದ್ಯಾ?"

ಅಪ್ಪ ಕಾಗದ ಕೊಟ್ಟರು. ಇಂಜಿನಿಯರು ಬರೆಯುತ್ತ ಬರೆಯುತ್ತ ನಿಂತರು. "ಆಳ ಎಷ್ಟು ಅಂತ ಬರೀಲಿ?"

"ಎದೆಮಟ್ಟ ಅಂತ ಬರೀರಿ," ಎಂದಳು ಬಾಗಿಲಲ್ಲಿದ್ದ ಅಜ್ಜಿ. "ನೀವೇ ಅಳತೆ ಮಾಡಿದ್ದೀರಲ್ಲ."

ಮೊದಲು ನಕ್ಕದ್ದು ಇಂಜಿನಿಯರೇ. ಅವರು ನಕ್ಕ ಮೇಲೆ ನಾವೆಲ್ಲ ನಗಬಹುದೆಂದಾಯಿತು. ವರದಿಯನ್ನು ಅಪ್ಪ ಮೂರು ಮಡಿಕೆ ಮಾಡಿ ಲಕೋಟೆಗೆ ಹಾಕಿದರು. ಅಂಚಿಗೆ ಅಂಟು ಸವರಿ, ಹೆಬ್ಬೆರಳಿನಿಂದ ಒಂದೇ ಸಲ ಒತ್ತಿ ಎಳೆದರು. ಒಂದು ಸುಕ್ಕಿಲ್ಲ. ಇಂಜಿನಿಯರು ಅದನ್ನು ತಿರುಗಿಸಿ ನೋಡಿ, "ನಮ್ಮ ಕಚೇರೀಲಿ ಇಷ್ಟು ಚೆನ್ನಾಗಿ ಅಂಟಿಸೋರು ಒಬ್ಬರೂ ಇಲ್ಲ ಸಾರ್," ಎಂದರು. ಕೇಸಿನ ಮಾತು ಮತ್ತೆ ಬರಲಿಲ್ಲ.

ಲಾರಿಗಳು ಬರಲಿಲ್ಲ. ಎರಡು ತಿಂಗಳಿಗೆ ಕಳೆ ತೆಗೆಯುವವರು ಬಂದರು. ಹಸಿರೆಲ್ಲ ದಡಕ್ಕೆ ಬಿದ್ದು, ಕೆರೆ ಮೊದಲ ಸಲ ಉದ್ದಕ್ಕೂ ಬಿಚ್ಚಿಕೊಂಡು ಕಂಡ ದಿನ, ಹನ್ನೊಂದೂ ಮನೆಯವರು ಬುತ್ತಿ ಕಟ್ಟಿಕೊಂಡು ಏರಿಯ ಮೇಲೆ ಕೂತು ಊಟ ಮಾಡಿದೆವು. ಈಗ ಅಲ್ಲಿ ಸಾವಿರ ಮನೆಗಳಿವೆಯಂತೆ. ಕೆರೆಗೆ ಕಂಬಿಬೇಲಿ, ಸುತ್ತ ನಡೆಯಲು ಹಾಸುಗಲ್ಲಿನ ದಾರಿ, ತೆರೆಯುವುದಕ್ಕೂ ಮುಚ್ಚುವುದಕ್ಕೂ ಸಮಯ. ಎಮ್ಮೆಗಳಿಗೆ ಯಾವ ಸಮಯವೂ ಇಲ್ಲ. ಅವು ಇಲ್ಲವೇ ಇಲ್ಲ. ಆ ಊಟದ ದಿನ ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಕೂಡ ಇಲ್ಲ.

ಬೋರ್ಡನ್ನು ಅಪ್ಪ ಕೊಟ್ಟ ಮಾತಿನಂತೆ ತಾವೇ ಏಣಿ ಹತ್ತಿ ಇಳಿಸಿದರು. ಏರಿಯ ಮೇಲೆ ನಿಜವಾದ ಕಾವಲುಗಾರನೊಬ್ಬ ಬಂದ. ಅವನಿಗೊಂದು ಶೆಡ್ಡು, ಶೆಡ್ಡಿಗೊಂದು ಬೀಗ. ಜನರ ದೂರುಗಳೆಲ್ಲ ಅತ್ತ ತಿರುಗಿದವು. ನಮ್ಮ ಜಗಲಿ ಖಾಲಿಯಾಯಿತು. ಅಪ್ಪ ದಿನಾ ಹತ್ತು ಗಂಟೆಗೆ ಶರ್ಟು ತೊಟ್ಟು, ಕುರ್ಚಿ ಹಾಕಿಕೊಂಡು, ಪೇಪರು ಹಿಡಿದು ಕೂರುತ್ತಿದ್ದರು. ಗೇಟಿನ ಸದ್ದಾದರೆ ಪೇಪರು ಕೆಳಗಿಳಿಯುತ್ತಿತ್ತು. ಗಾಳಿಯೋ ಕರುವೋ ಆಗಿದ್ದರೆ ಮತ್ತೆ ಮೇಲೇರುತ್ತಿತ್ತು. ಅಮ್ಮ ಅದನ್ನು ನೋಡಿಯೂ ನೋಡದ ಹಾಗೆ ಓಡಾಡುತ್ತಿದ್ದಳು.

ಹೀಗೇ ಒಂದು ಮಧ್ಯಾಹ್ನ ಗೇಟಿನ ಸದ್ದಾಯಿತು. ಎಮ್ಮೆ ಅಜ್ಜಿ. ಕೈಯಲ್ಲಿ ಹಾಲಿನ ಕ್ಯಾನಿರಲಿಲ್ಲ.

ಅಪ್ಪ ಎದ್ದು ನಿಂತರು. "ಏನಜ್ಜೀ? ಕೆರೆ ವಿಷಯ ಆದ್ರೆ ಈಗ ಆ ಕಾವಲುಗಾರನ ಹತ್ರ ಹೇಳ್ಬೇಕು. ನಾನು ಏನೂ..."

"ಕೆರೆ ವಿಷಯ ಆಗಿದ್ರೆ ಅಲ್ಲಿಗೇ ಹೋಗ್ತಿದ್ದೆ. ನನಗಷ್ಟು ಗೊತ್ತಾಗಲ್ವಾ?"

"ಮತ್ತೆ ಏನು ಕೆಲಸ?"

"ಕೆಲಸ ಏನೂ ಇಲ್ಲಪ್ಪಾ." ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಲ್ಕು ದಿನ ಆಯ್ತು ಮಾತಾಡಿ. ಈ ಬಿಸಿಲಲ್ಲಿ ಬಂದಿದ್ದೀನಿ, ಕೂತ್ಕೋ ಅಂತೀಯೋ ಇಲ್ವೋ?"

ಅವಳು ಸಾಹೇಬ್ರೇ ಅನ್ನಲಿಲ್ಲ. ಅಪ್ಪ ತಮ್ಮ ಕುರ್ಚಿಯನ್ನು ನೆರಳಿಗೆ ಎಳೆದು ಅವಳಿಗೆ ಕೊಟ್ಟು, ತಾವು ಮೆಟ್ಟಿಲ ಮೇಲೆ ಕೂತರು. ಒಳಗಿದ್ದ ನನಗೆ ಅವರ ಮಾತೇನೂ ಸರಿಯಾಗಿ ಕೇಳಿಸಲಿಲ್ಲ. ಅಜ್ಜಿ ಎರಡು ಸಲ ನಕ್ಕದ್ದು ಕೇಳಿಸಿತು. ಮೂರನೆಯ ಸಲ ನಕ್ಕವರು ಅಪ್ಪ. ಅವರಿಗೆ ಅಷ್ಟು ಜೋರಾಗಿ ನಗಲು ಬರುತ್ತದೆಂದು ನಮಗೆ ಆವತ್ತಿನ ತನಕ ಗೊತ್ತಿರಲಿಲ್ಲ. ಟೀ ಸೋಸುತ್ತಿದ್ದ ಅಮ್ಮ ಕೈ ನಿಲ್ಲಿಸಿ ಒಂದು ಗಳಿಗೆ ಕಿವಿಗೊಟ್ಟು, ಇನ್ನೂ ಎರಡು ಲೋಟ ತೆಗೆದಿಟ್ಟು, "ಬಾ, ನಾವೂ ಅಲ್ಲೇ ಹೋಗಿ ಕೂರೋಣ," ಎಂದಳು.